ಯಾರಿಗಾಗಿ ಈ ಬಿಸಿ?

ಇಂಗ್ಲೆಂಡಿನ ಹಳ್ಳಿಯ ಹಳೆಯ ಚರ್ಚೊಂದರಲ್ಲಿ ಚಳಿಗಾಲದ ಭಾನುವಾರ ಆರಾಧನೆ ನಡೆಯಬೇಕಾದರೆ, ಗಂಟೆಗಟ್ಟಲೆ ಮೊದಲೇ ಬಾಯ್ಲರ್ ಹಚ್ಚಬೇಕು. ಗೋಡೆ ದಪ್ಪ ಕಲ್ಲಿನದು, ಚಾವಣಿ ಎರಡು ಮೂರು ಮಹಡಿಯಷ್ಟು ಎತ್ತರ. ಕಾದ ಗಾಳಿ ಮೇಲಕ್ಕೇರಿ ತೊಲೆಗಳ ನಡುವೆ ನಿಂತುಬಿಡುತ್ತದೆ. ಕೆಳಗೆ ಬೆಂಚಿನಲ್ಲಿ ಕುಳಿತ ಮುದುಕಿಯ ಪಾದ ಮಾತ್ರ ತಣ್ಣಗೇ ಇರುತ್ತದೆ. ಪ್ರಾರ್ಥನೆ ಮುಗಿದು ಜನ ಹೊರಟ ಮೇಲೂ ಕಲ್ಲು ಆ ಬಿಸಿಯನ್ನು ನಿಧಾನವಾಗಿ ಖಾಲಿ ಸಭಾಂಗಣಕ್ಕೆ ಬಿಡುತ್ತಿರುತ್ತದೆ. ಚರ್ಚ್ ಆಫ್ ಇಂಗ್ಲೆಂಡಿಗೆ ಇಂಥ ಆರಾಧನಾ ಮಂದಿರಗಳು ಸುಮಾರು 16,000 ಇವೆ. ಬಹುಪಾಲು ಚರ್ಚುಗಳಲ್ಲಿ ಸುಡುವ ಇಂಧನದ ದೊಡ್ಡ ಪಾಲು ಹೋಗುವುದು ಈ ಬಿಸಿಗೇ.

2020ರ ಫೆಬ್ರುವರಿಯಲ್ಲಿ ಆ ಸಭೆಯ ಆಡಳಿತ ಮಂಡಳಿಯಾದ ಜನರಲ್ ಸಿನೊಡ್ ಒಂದು ನಿರ್ಣಯ ಕೈಗೊಂಡಿತು: 2030ರೊಳಗೆ ಚರ್ಚುಗಳ ಇಂಗಾಲದ ಹೊರಸೂಸುವಿಕೆ ನಿವ್ವಳ ಶೂನ್ಯಕ್ಕೆ ಇಳಿಯಬೇಕು. ಮೊದಲು ಮುಂದಿಟ್ಟಿದ್ದ ಗಡುವು 2045. ಅಷ್ಟು ಕಾಯಲು ಕಾಲವಿಲ್ಲವೆಂದು ತಿದ್ದುಪಡಿ ಬಂತು, ಕಡಿಮೆ ಅಂತರದಲ್ಲಿ ಗೆದ್ದಿತು. ಗುರಿ ಮುಟ್ಟುವುದು ಕಷ್ಟವೆಂದು ಮತ ಹಾಕಿದವರಿಗೂ ಗೊತ್ತಿತ್ತು. ಆದರೂ ಆ ಆತುರ ಸರಿಯಾದದ್ದೇ. ಭೂಮಿಯನ್ನು ಕಾಪಾಡುವುದನ್ನು ಮುಂದಿನ ತಲೆಮಾರಿಗೆ ಬಿಡುವ ಧರ್ಮ ತನ್ನ ಮಾತನ್ನು ತಾನೇ ನಂಬಿಲ್ಲವೆಂದಾಗುತ್ತಿತ್ತು.

ಈ ಚರ್ಚೆಯ ಬೇರು ಬೈಬಲಿನ ಮೊದಲ ಪುಟಗಳಲ್ಲೇ ಇದೆ. ಆದಿಕಾಂಡದ ಒಂದನೆಯ ಅಧ್ಯಾಯ ಮನುಷ್ಯನಿಗೆ ಜೀವಿಗಳ ಮೇಲೆ ದೊರೆತನ ಕೊಡುತ್ತದೆ. ಎರಡನೆಯದು ಅವನನ್ನು ತೋಟದಲ್ಲಿಟ್ಟು ಉಳುವ, ಕಾಯುವ ಕೆಲಸ ಹೇಳುತ್ತದೆ. 1967ರಲ್ಲಿ ಇತಿಹಾಸಕಾರ ಲಿನ್ ವೈಟ್ ‘ಸೈನ್ಸ್’ ಪತ್ರಿಕೆಯಲ್ಲಿ, ಪಶ್ಚಿಮದ ಕ್ರೈಸ್ತ ಚಿಂತನೆ ಮೊದಲನೆಯದನ್ನೇ ಹಿಡಿದು ಪ್ರಕೃತಿಯನ್ನು ಬಳಕೆಯ ವಸ್ತುವಾಗಿಸಿತು ಎಂದು ಆಪಾದಿಸಿದರು. ಪರಿಸರವಾದಿಗಳ ಪಾಲಕ ಸಂತನಾಗಿ ಅಸ್ಸಿಸಿಯ ಫ್ರಾನ್ಸಿಸ್ ಇರಲಿ ಎಂದವರೂ ಅವರೇ. 1979ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅದನ್ನು ಘೋಷಿಸಿದರು. 2015ರಲ್ಲಿ ಪೋಪ್ ಫ್ರಾನ್ಸಿಸ್ ಪರಿಸರದ ಕುರಿತು ‘ಲೌದಾತೋ ಸಿ’ ಎಂಬ ಪತ್ರ ಬರೆಯುವ ಹೊತ್ತಿಗೆ ಎರಡನೆಯ ಅಧ್ಯಾಯದ ದನಿ ಗಟ್ಟಿಯಾಗಿತ್ತು.

ದೇವಶಾಸ್ತ್ರ ಕೊನೆಗೆ ಬಂದು ನಿಲ್ಲುವುದು ಚಾವಣಿಯಂಚಿನ ಮಳೆನೀರಿನ ದೋಣಿಯ ಹತ್ತಿರ. ಅದರಲ್ಲಿ ಎಲೆ ಕಟ್ಟಿಕೊಂಡರೆ ನೀರು ಗೋಡೆಗೆ ಇಳಿಯುತ್ತದೆ, ಒದ್ದೆ ಗೋಡೆ ಒಣ ಗೋಡೆಗಿಂತ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಹಾಗಾಗಿ ಚರ್ಚ್ ಆಫ್ ಇಂಗ್ಲೆಂಡ್ ತನ್ನ ಸಭೆಗಳಿಗೆ ಮೊದಲು ಹೇಳುವ ಕೆಲಸ ದೋಣಿಯ ಕಸ ತೆಗೆಸುವುದು, ಒಡೆದ ಗಾಜು ಹಾಕಿಸುವುದು, ಬಾಗಿಲ ಸಂದು ಮುಚ್ಚುವುದು, ಬಲ್ಬು ಬದಲಿಸುವುದು. ಆಮೇಲಿನ ಸಲಹೆ ಇನ್ನೂ ಸ್ವಾರಸ್ಯದ್ದು: ಕಟ್ಟಡವನ್ನಲ್ಲ, ಕುಳಿತವರನ್ನು ಬೆಚ್ಚಗಿಡಿ. ಬೆಂಚಿನಡಿ ಸಣ್ಣ ವಿದ್ಯುತ್ ಹೀಟರ್ ಇಟ್ಟು, ಜನ ಬರುವ ಸ್ವಲ್ಪ ಮುಂಚೆ ಹಾಕಿದರೆ ಸಾಕು. ಗಾಳಿಯನ್ನೆಲ್ಲ ಒಮ್ಮೆಲೆ ಕಾಯಿಸಿದರೆ ಒಣಗಿ ಬಿರಿಯುವ ಆರ್ಗನ್ ವಾದ್ಯದ ಮರವೂ ಉಳಿಯುತ್ತದೆ. ಇಡೀ ಚರ್ಚನ್ನು ಕಾಯಿಸುವ ಅಭ್ಯಾಸವೇನೂ ಸನಾತನವಲ್ಲ. ಅದು ಹಬ್ಬಿದ್ದು ಹತ್ತೊಂಬತ್ತನೆಯ ಶತಮಾನದಲ್ಲಿ. ಅದಕ್ಕೂ ಮುಂಚೆ ಜನ ಕೋಟು ತೊಟ್ಟೇ ಪ್ರಾರ್ಥಿಸುತ್ತಿದ್ದರು.

ದೊಡ್ಡ ಕಟ್ಟಡಗಳೂ ದಾರಿ ಹುಡುಕಿವೆ. ಬಾತ್ ನಗರದಲ್ಲಿ ಸುಮಾರು 46 ಡಿಗ್ರಿ ಸೆಲ್ಸಿಯಸ್ ಬಿಸಿಯ ಬುಗ್ಗೆಯಿಂದ ದಿನಕ್ಕೆ ಹತ್ತು ಲಕ್ಷ ಲೀಟರಿಗೂ ಮೀರಿ ನೀರು ಉಕ್ಕಿ, ರೋಮನ್ನರು ಕಟ್ಟಿದ ಚರಂಡಿಯ ಮೂಲಕ ಏವನ್ ನದಿಗೆ ಹರಿಯುತ್ತದೆ. ಈಗ ಆ ನೀರಿನ ಶಾಖವನ್ನು ಎಳೆದುಕೊಂಡು ಪಕ್ಕದ ಬಾತ್ ಆಬಿ ಚರ್ಚಿನ ನೆಲವನ್ನು ಬೆಚ್ಚಗಿಡುತ್ತಾರೆ. ಗ್ಲೌಸ್ಟರ್ ಕೆಥೆಡ್ರಲ್ 2016ರಲ್ಲೇ ಚಾವಣಿಗೆ 150 ಸೌರ ಫಲಕ ಹಾಕಿಸಿತು. ಕೇಂಬ್ರಿಜ್‌ನ ಕಿಂಗ್ಸ್ ಕಾಲೇಜ್ ಚಾಪೆಲ್ಲಿನದು ಮಾತ್ರ ಜಗಳದ ಕಥೆ. ಸೌರ ಫಲಕ ಹಾಕಿದರೆ 1446ರಲ್ಲಿ ಆರಂಭವಾದ ಆ ಕಟ್ಟಡದ ಅಂದ ಕೆಡುತ್ತದೆಂದು ಪರಂಪರೆಯ ಉಸ್ತುವಾರಿಯ ಸಂಸ್ಥೆ ಹಿಸ್ಟಾರಿಕ್ ಇಂಗ್ಲೆಂಡ್ ವಿರೋಧಿಸಿತು. ಆದರೆ ಚಾವಣಿಯ ಸೀಸದ ಹೊದಿಕೆಯನ್ನು ಹೇಗೂ ಬದಲಿಸಬೇಕಿತ್ತು. ನಗರಾಡಳಿತ ಒಪ್ಪಿತು, 2023ರಲ್ಲಿ 438 ಫಲಕಗಳು ಕೂತವು. ಹಿಂದಿನವರು ಕಟ್ಟಿದ್ದನ್ನು ಹಾಗೇ ಉಳಿಸುವುದೂ ಮುಂದಿನವರಿಗೆ ಬದುಕುವ ಹವೆ ಉಳಿಸುವುದೂ ಎದುರುಬದುರಾದಾಗ, ಎರಡನೆಯದಕ್ಕೆ ತೂಕ ಹೆಚ್ಚು.

ಇದಕ್ಕಿಂತ ಗಟ್ಟಿಯಾದ ಪ್ರಶ್ನೆ ಬೇರೆಯಿದೆ. ಬಾಗಿಲಿಗೆ ಬೀಗ ಹಾಕಿದ ಚರ್ಚಿನ ಹೊರಸೂಸುವಿಕೆ ಸೊನ್ನೆ. ಲೆಕ್ಕದ ಪುಸ್ತಕಕ್ಕೆ ಅದೇ ಅತ್ಯುತ್ತಮ ಚರ್ಚು! 2022ರ ಚಳಿಗಾಲದಲ್ಲಿ ಗ್ಯಾಸು, ಕರೆಂಟಿನ ದರ ಏರಿ ಮನೆ ಕಾಯಿಸಲಾಗದೆ ಬಡವರು ನಡುಗಿದಾಗ, ಎಷ್ಟೋ ಚರ್ಚುಗಳು ಹಾಲ್ ತೆರೆದು, ಹೀಟರ್ ಹಾಕಿ, ಸೂಪು ಕೊಟ್ಟು ಕೂರಿಸಿಕೊಂಡವು. ಆ ವಾರಗಳಲ್ಲಿ ಅವುಗಳ ಮೀಟರ್ ಹೆಚ್ಚೇ ಓಡಿರಬೇಕು. ಅದನ್ನು ಪಾಪವೆಂದು ಬರೆದುಕೊಳ್ಳುವ ಲೆಕ್ಕ ಧರ್ಮದ ಲೆಕ್ಕವಾಗಲಾರದು. ಖಾಲಿ ಗೋಪುರಕ್ಕೆ ಹೋಗುವ ಬಿಸಿಯೂ ನಡುಗುವ ಮೈಗೆ ತಾಗುವ ಬಿಸಿಯೂ ಮೀಟರಿಗೆ ಒಂದೇ. ಮೊದಲನೆಯದನ್ನು ಉಳಿಸಿದ ಸಭೆಗೆ ಎರಡನೆಯದನ್ನು ಕೊಡುವ ಕೈ ಬರುತ್ತದೆ.

ಚರ್ಚ್ ಆಫ್ ಇಂಗ್ಲೆಂಡ್ ಇರುವ ಆಂಗ್ಲಿಕನ್ ಒಕ್ಕೂಟದ ಸದಸ್ಯನೇ ಆದ ಚರ್ಚ್ ಆಫ್ ಸೌತ್ ಇಂಡಿಯಾದ (ಸಿಎಸ್‌ಐ) ಕರ್ನಾಟಕದ ಚರ್ಚುಗಳಿಗೆ ಬಾಯ್ಲರಿನ ಚಿಂತೆಯಿಲ್ಲ. ಇಲ್ಲಿ ಕರೆಂಟು ಹೋಗುವುದು ಫ್ಯಾನು, ದೀಪ, ಮೈಕಿಗೆ. ಸೌರ ಫಲಕದ ತೊಡಕು ಮಾತ್ರ ಎರಡೂ ಕಡೆ ಒಂದೇ: ಸೂರ್ಯ ವಾರವಿಡೀ ಬರುತ್ತಾನೆ, ಸಭೆ ಭಾನುವಾರ ಸೇರುತ್ತದೆ. ಒಂದೇ ಕಾಂಪೌಂಡಿನಲ್ಲಿ ಶಾಲೆ, ಹಾಸ್ಟೆಲ್ ಇರುವ ಕಡೆ ಉಳಿದ ಆರು ದಿನದ ವಿದ್ಯುತ್ತಿಗೂ ಬಳಕೆಯಿದೆ.

ಇಂಗ್ಲೆಂಡಿನಲ್ಲಿ 2022ರ ಜುಲೈಯಿಂದ ನಿಯಮ ಬಿಗಿಯಾಗಿದೆ. ಗ್ಯಾಸ್ ಅಥವಾ ತೈಲದ ಬಾಯ್ಲರ್ ಕೆಟ್ಟರೆ ಅದನ್ನು ತೆಗೆದು ಅಂಥದ್ದೇ ಇನ್ನೊಂದನ್ನು ಸುಮ್ಮನೆ ಕೂರಿಸುವಂತಿಲ್ಲ. ಶೂನ್ಯದ ಗುರಿಯನ್ನು ಪರಿಗಣಿಸಿದ್ದೇವೆಂದು ತೋರಿಸಿ ಚರ್ಚಿನ ನ್ಯಾಯಾಧಿಕಾರಿಯ ಅನುಮತಿ ಪಡೆಯಬೇಕು. ಸಭೆಯ ಆಸ್ತಿ ನೋಡಿಕೊಳ್ಳುವ ಚರ್ಚ್ ಕಮಿಷನರ್ಸ್ ಈ ಕೆಲಸಕ್ಕೆಂದು 19 ಕೋಟಿ ಪೌಂಡ್ ತೆಗೆದಿಟ್ಟಿದ್ದಾರೆ. ಆ ಹಣ ಮೊದಲು ತಲುಪಬೇಕಾದದ್ದು ಹೆಸರುವಾಸಿ ಕೆಥೆಡ್ರಲ್ಲುಗಳಿಗಲ್ಲ. ಭಾನುವಾರ ಇಪ್ಪತ್ತು ಜನ ಸೇರುವ, ದೋಣಿಯ ಕಸ ತೆಗೆಸಲೂ ಕಾಣಿಕೆ ಸಾಲದ ಹಳ್ಳಿಯ ಸಭೆಗಳಿಗೆ.