ಬನೂ ಸಲಿಮದವರ ಹೆಜ್ಜೆಗಳು

ಮದೀನಾದಲ್ಲಿ ಬನೂ ಸಲಿಮ ಗೋತ್ರದವರ ಮನೆಗಳು ಮಸೀದಿಯಿಂದ ದೂರದಲ್ಲಿದ್ದವು. ಮಸೀದಿಯ ಬಳಿ ಜಾಗ ತೆರವಾದಾಗ ಅಲ್ಲಿಗೆ ವಾಸ ಬದಲಿಸಲು ಅವರು ಬಯಸಿದರು. ವಿಷಯ ತಿಳಿದ ಪ್ರವಾದಿವರ್ಯರು(ಸ) ಅವರನ್ನು ತಡೆದರು. ಇದ್ದಲ್ಲಿಯೇ ಇರುವಂತೆಯೂ ಅವರಿಡುವ ಹೆಜ್ಜೆಗಳು ದಾಖಲಾಗುತ್ತವೆಂದೂ ತಿಳಿಸಿದರು.

ಪ್ರಿಯ ಓದುಗರೇ, ಇಂದು ನಮ್ಮ ಪಾಲಿಗೆ ದಾಖಲಾಗಲು ಹೆಜ್ಜೆಗಳಾದರೂ ಎಷ್ಟು ಉಳಿದಿವೆ? ಮಸೀದಿ ಎರಡು ಓಣಿಯಾಚೆ ಇದ್ದರೂ ಸ್ಕೂಟರ್ ಹೊರಡುತ್ತದೆ. ದಿನವಿಡೀ ಅಂಗಡಿಯ ಗಲ್ಲಾದಲ್ಲಿ ಕುಳಿತು, ರಾತ್ರಿ ಹೊಟ್ಟೆ ಬಿರಿಯುವಂತೆ ಉಂಡು ಮಲಗುವವರು ನಮ್ಮಲ್ಲಿ ಕಡಿಮೆಯೇ?

ಆ ಹದೀಸ್ ಪುಣ್ಯದ ಕುರಿತಾದುದು, ಆರೋಗ್ಯದ ಕುರಿತಲ್ಲ ಎಂಬುದು ನಿಜ. ಆದರೆ ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝ್ ಎಂದು ನಿರ್ಧರಿಸಿದ್ದ ಅಬ್ದುಲ್ಲಾ ಬಿನ್ ಅಮ್ರ್(ರ)ರಿಗೆ, ದೇಹಕ್ಕೂ ನಿಮ್ಮ ಮೇಲೆ ಹಕ್ಕಿದೆಯೆಂದು ನೆನಪಿಸಿದವರೂ ಅದೇ ಪ್ರವಾದಿ(ಸ). ಆರಾಧನೆಗಾಗಿಯೂ ಮುರಿಯಬಾರದ ಆ ಹಕ್ಕನ್ನು ನಾವು ಸೋಮಾರಿತನಕ್ಕಾಗಿ ಮುರಿಯುತ್ತಿದ್ದೇವೆ.

ದೊಡ್ಡ ಕರುಳಿನ ಕ್ಯಾನ್ಸರನ್ನೇ ನೋಡಿ. ಹೆಚ್ಚಾಗಿ ಅದು ಕರುಳಿನ ಒಳಗೋಡೆಯಲ್ಲಿ ವೈದ್ಯರು ಪಾಲಿಪ್ ಎನ್ನುವ ಸಣ್ಣ ಗಂಟಿನಿಂದ ಆರಂಭವಾಗಿ, ಹಲವು ವರ್ಷ ಸದ್ದಿಲ್ಲದೆ ಬೆಳೆಯುತ್ತದೆ. ಹೆಚ್ಚು ಚಟುವಟಿಕೆಯಿಂದಿರುವವರಲ್ಲಿ ಈ ರೋಗದ ಅಪಾಯ, ಕುಳಿತೇ ಇರುವವರಿಗಿಂತ ಸುಮಾರು ಐದನೇ ಒಂದು ಪಾಲು ಕಡಿಮೆಯೆಂದು ಅನೇಕ ದೇಶಗಳ ಅಧ್ಯಯನಗಳು ತೋರಿಸಿವೆ. ನಡಿಗೆಯಿಂದ ರಕ್ತದಲ್ಲಿನ ಇನ್ಸುಲಿನ್ ಮಟ್ಟ ತಗ್ಗುತ್ತದೆ, ಹೊಟ್ಟೆಯ ಕೊಬ್ಬು ಕರಗುತ್ತದೆ, ದೇಹದೊಳಗಿನ ಉರಿಯೂತ ಇಳಿಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಸೂಚಿಸಿದ್ದು ವಾರಕ್ಕೆ 150ರಿಂದ 300 ನಿಮಿಷಗಳ ಸಾಧಾರಣ ಶ್ರಮ. ವಾರಕ್ಕೆ ಐದು ದಿನ ಅರ್ಧ ಗಂಟೆ ಬಿರುಸಾಗಿ ನಡೆದರೆ ಅದರ ಕನಿಷ್ಠ ಮಿತಿ ಮುಟ್ಟುತ್ತದೆ. ಫಜ್ರ್ ಮುಗಿಸಿ ಮನೆಗೆ ಸುತ್ತು ದಾರಿಯಲ್ಲಿ ಮರಳಿದರೆ ಸಾಕು.

ನಮಾಝೇ ವ್ಯಾಯಾಮವಲ್ಲವೇ ಎಂದು ಕೆಲವರು ಕೇಳುತ್ತಾರೆ. ಈ ಮಾತು ನನಗೆ ಒಪ್ಪಿಗೆಯಾಗುವುದಿಲ್ಲ. ನಮಾಝ್ ಅಲ್ಲಾಹನ ಮುಂದೆ ದಾಸನ ವಿನಮ್ರತೆ, ಅದನ್ನು ಕಸರತ್ತಿನ ಲೆಕ್ಕಕ್ಕೆ ಇಳಿಸುವುದೂ ತಪ್ಪು, ಅದರ ನೆಪದಲ್ಲಿ ದೇಹವನ್ನು ಜಡವಾಗಿಡುವುದೂ ತಪ್ಪು.

ಇನ್ನು ನಮ್ಮ ಮಹಿಳೆಯರು. ನೀರು ಸೇದುವ, ಅರೆಯುವ, ಕುಟ್ಟುವ ಕೆಲಸಗಳು ಅನೇಕ ಮನೆಗಳಲ್ಲಿ ಹೋದವು, ಅವುಗಳ ಜಾಗಕ್ಕೆ ನಡಿಗೆ ಬರಲಿಲ್ಲ. ಪ್ರವಾದಿ(ಸ) ಪ್ರಯಾಣವೊಂದರಲ್ಲಿ ಪತ್ನಿ ಆಯಿಶಾ(ರ)ರೊಂದಿಗೆ ಓಟದ ಪಂದ್ಯ ನಡೆಸಿದ್ದರು, ಅಂದು ಗೆದ್ದವರು ಆಯಿಶಾ(ರ). ವರ್ಷಗಳ ನಂತರ ಮತ್ತೆ ಓಡಿದಾಗ ಅವರ ಮೈ ತುಂಬಿತ್ತು, ಪ್ರವಾದಿ(ಸ) ಗೆದ್ದರು. ಪತ್ನಿಯೊಂದಿಗೆ ಬೀದಿಯಲ್ಲಿ ನಡೆಯಲೂ ಸಂಕೋಚಪಡುವ ಗಂಡಂದಿರು ಈ ಹದೀಸನ್ನು ಓದಿಲ್ಲವೇ?

ಒಂದು ಎಚ್ಚರಿಕೆ. ದಿನವೂ ನಡೆಯುವವರಿಗೂ ಈ ರೋಗ ಬರಬಹುದು. ಆದ್ದರಿಂದ ಹಾಸಿಗೆ ಹಿಡಿದವರ ಬಳಿ ಹೋಗಿ, ನೀವು ವ್ಯಾಯಾಮ ಮಾಡಲಿಲ್ಲವೆಂದು ಯಾರೂ ನಾಲಿಗೆ ಹರಿಯಬಿಡಬಾರದು. ರೋಗಿಯ ಭೇಟಿ ಸಾಂತ್ವನಕ್ಕಾಗಿ. ಚಿಕಿತ್ಸೆ ಪಡೆದವರಿಗೂ ನಿರೀಕ್ಷೆಯಿದೆ: ಶಸ್ತ್ರಚಿಕಿತ್ಸೆ ಮತ್ತು ಕಿಮೊಥೆರಪಿ ಮುಗಿಸಿದ 889 ರೋಗಿಗಳ ಅಧ್ಯಯನವೊಂದು 2025ರಲ್ಲಿ ಪ್ರಕಟವಾಯಿತು. ಅದರಲ್ಲಿ ಮೂರು ವರ್ಷ ಕ್ರಮಬದ್ಧ ವ್ಯಾಯಾಮದ ತರಬೇತಿ ಪಡೆದವರ ಪೈಕಿ ಎಂಟು ವರ್ಷಗಳ ನಂತರ ಬದುಕಿದ್ದವರು ಶೇಕಡಾ 90, ಕೇವಲ ಆರೋಗ್ಯ ಮಾಹಿತಿ ಪಡೆದವರಲ್ಲಿ ಶೇಕಡಾ 83.

ಮಲದಲ್ಲಿ ರಕ್ತ ಕಂಡರೆ, ಮಲ ವಿಸರ್ಜನೆಯ ಕ್ರಮ ವಾರಗಟ್ಟಲೆ ಬದಲಾದರೆ, ಕಾರಣವಿಲ್ಲದೆ ತೂಕ ಇಳಿದರೆ ಮೂಲವ್ಯಾಧಿಯೆಂದು ನೀವೇ ತೀರ್ಮಾನಿಸಿ ಮನೆಮದ್ದಿನಲ್ಲಿ ದಿನ ಕಳೆಯಬೇಡಿ. ವೈದ್ಯರಿಗೆ ತೋರಿಸಿ. ಚಿಕಿತ್ಸೆಗಾಗಿ ದೇಹ ತೋರಿಸುವುದಕ್ಕೆ ಧರ್ಮದ ಅಡ್ಡಿಯಿಲ್ಲ, ಮಹಿಳಾ ವೈದ್ಯರು ಸಿಕ್ಕರೆ ಅವರ ಬಳಿಗೇ ಹೋಗಬಹುದು. ನಾಚಿಕೆಯಿಂದ ತಾಯಿ ಬಾಯಿ ಬಿಡದಿದ್ದರೆ ಮಗಳು ತಾನಾಗಿಯೇ ಹತ್ತಿರ ಕುಳಿತು ಕೇಳಲಿ.