ಮನೆಯ ಮನಸ್ಸು ಯಾರದು?

ಹೆರುವ ಸ್ತ್ರೀಯೊಬ್ಬಳನ್ನು ಬಿಟ್ಟು ಮಿಕ್ಕೆಲ್ಲವನ್ನೂ ಗಣನೆಗೆ ತೆಗೆದುಕೊಂಡು, ಆ ಗಣನೆಗೆ ಶಾಸ್ತ್ರವೆಂಬ ಹೆಸರನ್ನಿಡುವ ವಿಚಾರಸರಣಿಯೊಂದು ವಿದ್ವಾಂಸರಲ್ಲಿ ಎಷ್ಟು ಮನ್ನಣೆ ಪಡೆದಿದೆಯೆಂದರೆ, ಅದನ್ನು ಪ್ರಶ್ನಿಸುವವರೇ ಅವಿವೇಕಿಗಳೆಂದು ತೋರುವಂತಾಗಿದೆ. ಅಮೆರಿಕದ ಅರ್ಥಶಾಸ್ತ್ರಜ್ಞ ಗ್ಯಾರಿ ಬೆಕರ್ 1960ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ, ದಂಪತಿಗಳ ಪಾಲಿಗೆ ಮಕ್ಕಳೆಂದರೆ ಬಹುಕಾಲ ಬಾಳಿಕೆ ಬರುವ ಸರಕುಗಳಂತೆ; ಆದಾಯ, ಬೆಲೆ, ಅಭಿರುಚಿಗಳೇ ಅವರ ಸಂಖ್ಯೆಯನ್ನು ನಿರ್ಧರಿಸುತ್ತವೆ ಎಂದು ಪ್ರತಿಪಾದಿಸಿದರು. ಈ ಮಾತು ನನ್ನಲ್ಲಿ ಎಬ್ಬಿಸುವ ಅಸಮಾಧಾನ ಕೇವಲ ಭಾವುಕತೆಯದಲ್ಲ; ಅದರೊಳಗೆ ಅಡಗಿರುವ ಒಂದು ಊಹೆಯನ್ನು ಕುರಿತದ್ದು.

ಈ ವಿಷಯದಲ್ಲಿ ಹಳೆಯ ವಾದಗಳಿಗೇನೂ ಬರವಿಲ್ಲ. ಜನಸಂಖ್ಯೆ ಆಹಾರವನ್ನು ಮೀರಿ ಬೆಳೆಯುವುದೆಂಬ ಮಾಲ್ಥಸನ ಭೀತಿ ಚರ್ವಿತಚರ್ವಣವಾಗಿದೆ. ಗರ್ಭನಿರೋಧದ ಸಾಧನಗಳನ್ನು ಒದಗಿಸಿದರೆ ಸಾಕೆಂಬ ಆಡಳಿತಗಾರರ ನಂಬುಗೆಗೂ ನಮ್ಮ ನಾಡಿನಲ್ಲೇ ಉತ್ತರವಿದೆ: ಮೈಸೂರು ಸರ್ಕಾರ 1930ರಷ್ಟು ಹಿಂದೆಯೇ ಸಂತಾನನಿಯಂತ್ರಣದ ಚಿಕಿತ್ಸಾಲಯಗಳನ್ನು ತೆರೆಯಿತು, ಆದರೂ ದಶಕಗಳ ಕಾಲ ಮನೆಗಳಲ್ಲಿ ತೊಟ್ಟಿಲು ಇಳಿಯಲಿಲ್ಲ. ಬೆಕರ್ ಅವರಷ್ಟು ಗಂಭೀರರಾದ ಪ್ರತಿವಾದಿಗಳು ಇವರಾರೂ ಅಲ್ಲ.

ಬೆಕರ್ ಅವರ ಊಹೆ ಇದು: ಮನೆಗೆ ಒಂದೇ ಮನಸ್ಸು. 1981ರ ತಮ್ಮ ಕುಟುಂಬ ವಿಷಯಕ ಗ್ರಂಥದಲ್ಲಿ ಅವರು, ಎಲ್ಲರ ಹಿತವನ್ನೂ ಬಯಸುವ ಯಜಮಾನನೊಬ್ಬನನ್ನು ಕಲ್ಪಿಸಿ, ಅವನ ಇಷ್ಟಾನಿಷ್ಟಗಳಲ್ಲಿ ಇಡೀ ಕುಟುಂಬದ ಇಷ್ಟಾನಿಷ್ಟಗಳನ್ನು ಲೀನಗೊಳಿಸಿದರು. ನಾನು ಕಂಡ ಮನೆಗಳು ಹಾಗಿರಲಿಲ್ಲ. ನಮ್ಮಜ್ಜಿಯನ್ನು ಆಕೆಯ ಸೋದರಮಾವನಿಗೇ ಕೊಟ್ಟಿದ್ದರು. ಆದುದರಿಂದ ಆಕೆಯ ಅತ್ತೆಯೆಂದರೆ ಆಕೆಯ ತಾಯಿಯ ತಾಯಿ. ಐದನೆಯ ಬಾಣಂತನ ಕಳೆದ ಮೇಲೆ, "ಸಾಕು ಬಿಡ್ರೋ, ಹುಡುಗಿ ಸವೆದುಹೋದಳು" ಎಂದು ಮಗನನ್ನು ಗದರಿಸಿದವಳು ಆ ಮುದುಕಿಯೇ. ಅಜ್ಜಿಯ ತಂಗಿ ದೂರದ ಪರಕೀಯರ ಮನೆಯನ್ನು ಸೇರಿ ಎಂಟು ಹೆತ್ತಳು; ಅಲ್ಲಿ ಅವಳ ಪರವಾಗಿ ಗದರಿಸುವವರು ಒಬ್ಬರೂ ಇರಲಿಲ್ಲ. ಸಂಶೋಧಕರಾದ ಟಿಮ್ ಡೈಸನ್ ಮತ್ತು ಮಿಕ್ ಮೂರ್ 1983ರಲ್ಲಿ ಉತ್ತರ ಭಾರತ, ದಕ್ಷಿಣ ಭಾರತಗಳ ಅಂತರವನ್ನು ವಿವರಿಸಿದ್ದು ಸರಿಸುಮಾರು ಹೀಗೆಯೇ: ಉತ್ತರದಲ್ಲಿ ಹೆಣ್ಣನ್ನು ಅಪರಿಚಿತ ಊರಿಗೆ ಕೊಡುವರು, ದಕ್ಷಿಣದಲ್ಲಿ ಬಂಧುಗಳೊಳಗೇ; ತವರು ಸಮೀಪವಿದ್ದಲ್ಲಿ ಅವಳ ಮಾತಿಗೆ ಬೆಲೆ ಹೆಚ್ಚು, ಮಕ್ಕಳ ಸಂಖ್ಯೆ ಕಡಿಮೆ. ಇಷ್ಟಾದರೆ ನನ್ನ ವಾದ ಗೆದ್ದಂತೆಯೇ ಎಂದು ಬಹುಕಾಲ ನಂಬಿದ್ದೆನು.

ಉದ್ಯೋಗನಿಮಿತ್ತ ಕೊಪ್ಪಳದ ಸೀಮೆಯಲ್ಲಿದ್ದಾಗ ಆ ನಂಬುಗೆಗೆ ಪೆಟ್ಟು ಬಿದ್ದಿತು. ನಮ್ಮ ನೆರೆಮನೆಯಾಕೆಯೂ ಸೋದರಮಾವನನ್ನೇ ಮದುವೆಯಾದವಳು. ತವರು ಅದೇ ಓಣಿಯಲ್ಲಿತ್ತು. ಮಕ್ಕಳು ಮಾತ್ರ ಆರು. ನಾನು ತವರಿನ ಪ್ರಸ್ತಾಪವೆತ್ತಿದಾಗ ಆಕೆ, "ತವರು ಮಗ್ಗಲಕ್ಕಿದ್ರ ಏನ್ ಬಂತ್ರಿ? ಅಲ್ಲೂ ಗಂಡ್ ಹಡಿ ಅಂತಾರ, ಇಲ್ಲೂ ಗಂಡ್ ಹಡಿ ಅಂತಾರ" ಎಂದಳು. ಬಾಂಧವ್ಯದ ನಿಯಮ ನಮ್ಮಜ್ಜಿಯ ಸೀಮೆಯಲ್ಲೂ ಇಲ್ಲಿಯೂ ಒಂದೇ, ಫಲ ಬೇರೆ. ನೆರೆಯಾಕೆಯ ಹೆಣ್ಣುಮಕ್ಕಳು ಬೀಜೋತ್ಪಾದನೆಯ ಹತ್ತಿ ಹೊಲಗಳಿಗೆ ಕ್ರಾಸಿಂಗ್ ಕೆಲಸಕ್ಕೆ ಹೋಗುತ್ತಿದ್ದರು. ಸಂಜೆ ಮೊಗ್ಗನ್ನು ಬಿಡಿಸಿ ಕೇಸರಗಳನ್ನು ಕಿತ್ತು ಗುರುತು ಮಾಡುವುದು, ಮರುದಿನ ಬೆಳಿಗ್ಗೆ ಗಂಡುಸಾಲಿನ ಹೂವನ್ನು ತಂದು ಪರಾಗವನ್ನು ಸವರುವುದು: ಇದಕ್ಕೆ ಎಳೆಯ ಬೆರಳುಗಳೇ ಬೇಕೆಂದು ಹೊಲದವರು ಹೇಳುತ್ತಿದ್ದರು. ಇದನ್ನು ಕಂಡ ಮೇಲೆ ಬೆಕರ್ ಅವರ ಗಣನೆಯನ್ನು ಅಲ್ಲಗಳೆಯುವುದು ನನ್ನಿಂದಾಗಲಿಲ್ಲ. ಮಕ್ಕಳು ದುಡಿದು ತರುವ ನೆಲದಲ್ಲಿ ಮಕ್ಕಳು ಹೆಚ್ಚು. ನನ್ನ ಬಂಧುಗಳಿರುವ ಬೆಂಗಳೂರಿನಲ್ಲಿ, ಶಾಲೆಯ ಶುಲ್ಕವೊಂದಕ್ಕೇ ವರ್ಷದ ಉಳಿತಾಯವೆಲ್ಲ ಕರಗುವೆಡೆಯಲ್ಲಿ, ಒಂದೇ ಮಗು. ಇಷ್ಟನ್ನು ಒಪ್ಪಿಯೂ ಒಂದು ಮಾತು ಉಳಿಯುತ್ತದೆ: ಆ ಹತ್ತಿ ಹೊಲದವರು ಮಕ್ಕಳ ದುಡಿಮೆಗೆಂದು ಕೊಡುತ್ತಿದ್ದ ಮುಂಗಡ ಹಣ ಸೇರುತ್ತಿದ್ದುದು ತಂದೆಯ ಕೈಗೆ, ಗರ್ಭದ ಭಾರವಿದ್ದುದು ತಾಯಿಗೆ. ಲೆಕ್ಕ ಸರಿಯಿದ್ದರೂ ಲಾಭ ಒಬ್ಬರದು, ತೆರುವವರು ಇನ್ನೊಬ್ಬರಾದರೆ, ಅದನ್ನು ಮನೆಯ ಆಯ್ಕೆಯೆಂದು ಕರೆಯುವುದು ಹೇಗೆ?

ಹಾಗಾದರೆ ಸ್ತ್ರೀಯ ಮಾತು ನಡೆಯುವೆಡೆಯಲ್ಲಿ ಸಂಖ್ಯೆ ಇಳಿಯುತ್ತದೆಂದೂ, ಸಂಖ್ಯೆ ಇಳಿದಿರುವುದೇ ಅವಳ ಮಾತು ನಡೆದುದಕ್ಕೆ ಸಾಕ್ಷಿಯೆಂದೂ ಹೇಳಿ ಮುಗಿಸಬಹುದಿತ್ತು. ಅಂಕಿಗಳು ಅದಕ್ಕೆ ಎಡೆಗೊಡುವುದಿಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಬಿಹಾರದಲ್ಲಿ ಸ್ತ್ರೀಯೊಬ್ಬಳಿಗೆ ಸರಾಸರಿ 3.0 ಮಕ್ಕಳು, ಕರ್ನಾಟಕದಲ್ಲಿ 1.7, ಆಂಧ್ರಪ್ರದೇಶದಲ್ಲಿಯೂ 1.7. ಆದರೆ ಅದೇ ಸಮೀಕ್ಷೆ, ಕರ್ನಾಟಕದ ವಿವಾಹಿತ ಸ್ತ್ರೀಯರಲ್ಲಿ ನೂರಕ್ಕೆ 57ರಷ್ಟು ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾಗಿರುವರೆಂದೂ, ಪುರುಷರ ಪಾಲು ಇಲ್ಲವೆನ್ನುವಷ್ಟು ಅಲ್ಪವೆಂದೂ ತಿಳಿಸುತ್ತದೆ. ಎಳೆಯ ಪ್ರಾಯದಲ್ಲಿ ಮದುವೆ, ಬೆನ್ನುಬೆನ್ನಿಗೆ ಎರಡು ಹೆರಿಗೆ, ಇಪ್ಪತ್ತೈದು ತುಂಬುವ ಮೊದಲೇ "ಆಪರೇಷನ್": ಈ ಕ್ರಮವನ್ನು ಎಷ್ಟೋ ಮನೆಗಳಲ್ಲಿ ನಾನು ಕಂಡಿದ್ದೇನೆ. ಅಲ್ಲೆಲ್ಲ ಸಾಕೆಂದು ನಿರ್ಧರಿಸಿದವರು ಹಿಂದೆ ಬೇಕೆಂದು ನಿರ್ಧರಿಸುತ್ತಿದ್ದ ಹಿರಿಯರೇ. ಸಂಖ್ಯೆ ಇಳಿಯಿತು, ಅವಳ ಮಾತು ಏರಿತೆಂದು ಅದರಿಂದ ಸಿದ್ಧವಾಗಲಿಲ್ಲ. 2024ರಲ್ಲಿ ಆಂಧ್ರಪ್ರದೇಶದ ಮುಖ್ಯಮಂತ್ರಿಗಳು ಹೆಚ್ಚು ಮಕ್ಕಳನ್ನು ಹೆರಬೇಕೆಂದು ಕರೆಯಿತ್ತಾಗ ನನಗೆ ತೋರಿದ್ದೂ ಅದೇ: ಸಾಕೆಂಬ ಆಜ್ಞೆಯಂತೆಯೇ ಬೇಕೆಂಬ ಆಜ್ಞೆಯೂ ಅವಳನ್ನು ಕೇಳಿ ಹೊರಟದ್ದಲ್ಲ.

ಆದರೆ ಅವಳನ್ನೇ ಕೇಳಿದ್ದರೆ ಏನನ್ನು ಕೇಳಿಸಿಕೊಳ್ಳುತ್ತಿದ್ದೆವು? ನಮ್ಮಜ್ಜಿಯ ಪರವಾಗಿ ಬಂದ "ಸಾಕು" ಎಂಬ ಮಾತು ಅವಳದೋ, ಅವಳ ಅಜ್ಜಿಯದೋ? ಕೊಪ್ಪಳದ ನೆರೆಯಾಕೆ, ಯಾರ ಒತ್ತಾಯವೂ ಇಲ್ಲದೆ, ತನಗೂ ಒಂದು ಗಂಡು ಬೇಕಿತ್ತೆಂದು ಒಮ್ಮೆ ನನ್ನೊಡನೆ ಹೇಳಿದ್ದಳು. ಆ ಆಸೆಯಲ್ಲಿ ಓಣಿಯ ಪಾಲೆಷ್ಟು, ಅವಳ ಪಾಲೆಷ್ಟು ಎಂದು ಬೇರ್ಪಡಿಸುವ ಉಪಾಯ ನನ್ನಲ್ಲಿಲ್ಲ. ಬೆಕರ್ ಮನೆಗೆ ಒಂದೇ ಮನಸ್ಸನ್ನು ಕಲ್ಪಿಸಿದರೆಂದು ನಾನು ಆಕ್ಷೇಪಿಸಿದೆನು; ಸ್ತ್ರೀಯೊಳಗೆ ಬಂಧುಗಳೂ ಊರೂ ಮುಟ್ಟದ ಒಂದೇ ಮನಸ್ಸಿದೆಯೆಂದು ನಾನೂ ಕಲ್ಪಿಸಿಕೊಂಡಿರುವೆನಲ್ಲವೆ? ಅವಳನ್ನು ಮೊದಲು ಕೇಳಬೇಕೆಂಬ ಮಾತನ್ನು ನಾನು ಬಿಡಲಾರೆ. ಅವಳು ಕೊಡುವ ಉತ್ತರ ಪೂರ್ತಿ ಅವಳದೇ ಆಗಿರುತ್ತದೆಂದು ಹೇಳುವ ಧೈರ್ಯ ಮಾತ್ರ ನನಗಿನ್ನೂ ಬಂದಿಲ್ಲ.