ರೋಗಿಯ ಗುಟ್ಟು ಯಾರ ಅಮಾನತ್?

ಮಯ್ಯಿತ್‌ಗೆ ಸ್ನಾನ ಮಾಡಿಸುವವರಿಗೆ ಇಸ್ಲಾಮ್ ಒಂದು ಶಿಷ್ಟಾಚಾರವನ್ನು ಕಲಿಸಿದೆ. ಆ ದೇಹದಲ್ಲಿ ಯಾವ ಕುಂದು ಕಂಡರೂ ಅದು ಆ ಕೋಣೆಯಿಂದ ಹೊರಗೆ ಬರಬಾರದು. ಕಂಡದ್ದನ್ನು ಮರೆಮಾಚಿದವನಿಗೆ ಕ್ಷಮೆಯ ಶುಭವಾರ್ತೆಯಿದೆ. ಮಾತನಾಡಲಾಗದ, ನಾಚಿಕೊಳ್ಳಲೂ ಆಗದ ದೇಹಕ್ಕೇ ಇಷ್ಟು ಗೌರವವಿರುವಾಗ, ನಾಳೆ ಎದ್ದು ಅದೇ ಓಣಿಯಲ್ಲಿ ಓಡಾಡಬೇಕಾದ ರೋಗಿಯ ದೇಹಕ್ಕೆ ಎಷ್ಟಿರಬೇಕು? ಓದುಗರೇ, ಈ ಪ್ರಶ್ನೆಯನ್ನು ನಾವಿಂದು ಹೊಸದಾಗಿ ಕೇಳಿಕೊಳ್ಳಬೇಕಾಗಿದೆ.

ಹಿಂದೆ ರೋಗದ ವಿವರ ವೈದ್ಯರ ಚೀಟಿಯಲ್ಲಿತ್ತು, ಚೀಟಿ ಮನೆಯ ಟ್ರಂಕಿನಲ್ಲಿತ್ತು. ಈಗ ಅದು ಕಂಪ್ಯೂಟರಿಗೆ ಸೇರುತ್ತಿದೆ. 2021ರ ಸೆಪ್ಟೆಂಬರ್ 27ರಂದು ದೇಶವ್ಯಾಪಿಯಾಗಿ ಆರಂಭವಾದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್‌ನಲ್ಲಿ ಪ್ರತಿಯೊಬ್ಬರೂ 14 ಅಂಕಿಗಳ 'ಆಭಾ' ಸಂಖ್ಯೆಯನ್ನು ಪಡೆಯಬಹುದು. ರಕ್ತ ಪರೀಕ್ಷೆ, ಔಷಧಿ, ಆಸ್ಪತ್ರೆಯ ದಾಖಲಾತಿ ಎಲ್ಲವನ್ನೂ ಅದಕ್ಕೆ ಜೋಡಿಸಬಹುದು.

ಇದರಲ್ಲಿ ಒಳಿತಿಲ್ಲವೆಂದು ಹೇಳುವುದು ನ್ಯಾಯವಲ್ಲ. ತಾವರಗೇರಾದಿಂದ ಗೋವಾಕ್ಕೋ ಮಂಗಳೂರಿಗೋ ದುಡಿಯಲು ಹೋಗುವ ಒಬ್ಬ ಕ್ಷಯರೋಗಿಯನ್ನು ಊಹಿಸಿಕೊಳ್ಳಿರಿ. ಅವನ ವಿವರ 'ನಿಕ್ಷಯ್' ವ್ಯವಸ್ಥೆಯಲ್ಲಿದ್ದರೆ ಹೋದ ಊರಿನಲ್ಲೂ ಚಿಕಿತ್ಸೆ ಮುಂದುವರಿಯುತ್ತದೆ. ಪೌಷ್ಟಿಕ ಆಹಾರಕ್ಕೆಂದು 2018ರಿಂದ ತಿಂಗಳಿಗೆ 500 ರೂಪಾಯಿ, 2024ರ ನವೆಂಬರ್‌ನಿಂದ 1,000 ರೂಪಾಯಿ ನೆರವೂ ಇದರ ಮೂಲಕವೇ ಸಿಗುತ್ತದೆ. ಬರೆದಿಡುವುದನ್ನು ಇಸ್ಲಾಮ್ ವಿರೋಧಿಸುವುದಿಲ್ಲ. ಸಾಲದ ವ್ಯವಹಾರವನ್ನು ಬರೆದಿಡಬೇಕೆಂದು ಸೂರಃ ಅಲ್ ಬಕರಃದಲ್ಲಿ ಆದೇಶವಿದೆ. ಬರೆಯುವವನು ನ್ಯಾಯದಿಂದ ಬರೆಯಬೇಕೆಂದೂ ಅಲ್ಲಿಯೇ ಎಚ್ಚರಿಸಲಾಗಿದೆ. ದಾಖಲೆ ಎಷ್ಟು ಅಗತ್ಯವೋ ದಾಖಲೆ ಹಿಡಿದವನ ದೇವಭಯವೂ ಅಷ್ಟೇ ಅಗತ್ಯ.

ಆ ಭಯವಿಲ್ಲದಿದ್ದರೆ ಏನಾಗುತ್ತದೆಂಬುದನ್ನು ನಾವು ಕಂಡಿದ್ದೇವೆ. 2020ರ ಮಾರ್ಚ್‌ನಲ್ಲಿ, ಕೊರೋನಾ ಕಾಲದಲ್ಲಿ, ನಮ್ಮ ರಾಜ್ಯದಲ್ಲಿ ಗೃಹ ದಿಗ್ಬಂಧನದಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ಸರ್ಕಾರವೇ ಬಹಿರಂಗಪಡಿಸಿತು. ಅದು ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ರೋಗಿಗಳ ಮನೆಯ ಬಾಗಿಲಿಗೆ ಭಿತ್ತಿಪತ್ರ ಅಂಟಿಸುವ ಅಗತ್ಯವಿಲ್ಲವೆಂದು ಸುಪ್ರೀಂ ಕೋರ್ಟ್ ಅದೇ ವರ್ಷದ ಡಿಸೆಂಬರ್‌ನಲ್ಲಿ ಹೇಳಬೇಕಾಯಿತು. 2022ರ ನವೆಂಬರ್‌ನಲ್ಲಿ ದಿಲ್ಲಿಯ ಏಮ್ಸ್ ಆಸ್ಪತ್ರೆಯ ಕಂಪ್ಯೂಟರುಗಳ ಮೇಲೆ ಸೈಬರ್ ದಾಳಿ ನಡೆದು, ಅನೇಕ ದಿನ ಕಾಗದದಲ್ಲಿಯೇ ಕೆಲಸ ಸಾಗಿಸಬೇಕಾಯಿತು.

ಆದರೆ ತಾವರಗೇರಾದಂತಹ ಊರಿನಲ್ಲಿ ಗುಟ್ಟು ಸೋರಲು ಅಷ್ಟು ದೊಡ್ಡ ಕಳ್ಳ ಬೇಕಿಲ್ಲ. ಎಲ್ಲರೂ ಎಲ್ಲರ ಪರಿಚಯಸ್ಥರು. ಪ್ರಯೋಗಾಲಯದ ವರದಿಯ ಒಂದು ಫೋಟೋ, 'ಯಾರಿಗೂ ಹೇಳಬೇಡ' ಎಂಬ ಮುನ್ನುಡಿಯ ಒಂದು ಮಾತು ಸಾಕು. ಒಬ್ಬ ಹೆಣ್ಣುಮಗಳ ಸಂಬಂಧ ಮುರಿಯುತ್ತದೆ, ಒಬ್ಬ ಕೂಲಿಕಾರನ ಕೆಲಸ ಹೋಗುತ್ತದೆ. ಅದನ್ನು ಕಂಡ ಇನ್ನೊಬ್ಬ ರೋಗಿ ಆಸ್ಪತ್ರೆಯ ಮೆಟ್ಟಿಲು ಹತ್ತಲು ಹೆದರಿ ರೋಗವನ್ನು ಉಲ್ಬಣಿಸಿಕೊಳ್ಳುತ್ತಾನೆ. ನಾಲಿಗೆಯ ಈ ಪಾಪಕ್ಕೆ ಪ್ರಾಣದ ಬೆಲೆಯೂ ಇರಬಹುದು.

ಪರರ ಮನೆಯನ್ನು ಪ್ರವೇಶಿಸುವ ಮೊದಲು ಅನುಮತಿ ಕೇಳಬೇಕೆಂದು ಸೂರಃ ಅನ್ನೂರ್ ಕಲಿಸುತ್ತದೆ. ಈ ಅನುಮತಿಯನ್ನು ವಿಧಿಸಿದ್ದು ಕಣ್ಣಿನ ಕಾರಣಕ್ಕಾಗಿ ಎಂದು ಪ್ರವಾದಿ(ಸ)ರು ವಿವರಿಸಿದ್ದಾರೆ. ಅಂದರೆ ಕಾಲು ಹೊಸ್ತಿಲು ದಾಟದಿದ್ದರೂ ಕಣ್ಣು ದಾಟಬಾರದು. ಕಂಪ್ಯೂಟರಿನ ಪರದೆಯೂ ಇಂದು ಒಂದು ಬಾಗಿಲು. ಕೆಲಸವಿಲ್ಲದೆ ಇನ್ನೊಬ್ಬರ ದಾಖಲೆ ತೆರೆದು ನೋಡಿದವನು ಕದ ತಟ್ಟದೆ ಮನೆಯೊಳಗೆ ಇಣುಕಿದವನೇ.

ದೇಶದ ಕಾನೂನು ಕೂಡ ಇದನ್ನು ಗುರುತಿಸಿದೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಾಧೀಶರ ಪೀಠವು 2017ರ ಆಗಸ್ಟ್ 24ರಂದು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆಭಾ ಸಂಖ್ಯೆ ಪಡೆಯುವುದು ಐಚ್ಛಿಕ. ರೋಗಿಯ ಒಪ್ಪಿಗೆಯಿಲ್ಲದೆ ಅದರ ದಾಖಲೆಗಳನ್ನು ಹಂಚುವಂತಿಲ್ಲ. ಕೊಟ್ಟ ಒಪ್ಪಿಗೆಯನ್ನು ಹಿಂಪಡೆಯಲೂ ಬಹುದು. ಆದರೆ ಅಕ್ಷರ ಬಾರದ ತಾಯಿಯಿಂದ ಓಟಿಪಿ ಕೇಳಿ ಪಡೆದು 'ಒಪ್ಪಿಗೆಯಾಯಿತು' ಎಂದರೆ ಅದು ಅನುಮತಿಯಲ್ಲ, ಅನುಮತಿಯ ನಟನೆ.

ಹಾಗಾದರೆ ಇನ್ನೊಬ್ಬರಿಗೆ ಹಾನಿಯಾಗುವಾಗಲೂ ಮುಚ್ಚಿಡಬೇಕೇ ಎಂದು ತಾವು ಕೇಳಬಹುದು. ಇಲ್ಲ. ಮದುವೆಯಂತಹ ವಿಷಯದಲ್ಲಿ ಸಲಹೆ ಕೇಳಿದಾಗ, ಹಾನಿಯಿಂದ ಎಚ್ಚರಿಸುವಾಗ ಪರರ ಕುಂದನ್ನು ಅಗತ್ಯವಿದ್ದಷ್ಟು ಹೇಳಬಹುದೆಂದು ಇಮಾಮ್ ನವವಿ(ರ) ವಿವರಿಸಿದ್ದಾರೆ. ಸಾಂಕ್ರಾಮಿಕ ರೋಗವಿರುವವನು ಅದನ್ನು ಮುಚ್ಚಿಟ್ಟು ನಿಕಾಹ್ ಮಾಡಿಕೊಳ್ಳುವುದು ವಂಚನೆ. ಎಚ್‌ಐವಿ ಕುರಿತ 2017ರ ಕಾಯ್ದೆಯೂ ಸೋಂಕಿತರ ಗುಟ್ಟನ್ನು ರಕ್ಷಿಸುತ್ತದೆ. ಸಂಗಾತಿಗೆ ಅಪಾಯವಿದ್ದಾಗ ನಿಗದಿತ ಷರತ್ತುಗಳೊಂದಿಗೆ ತಿಳಿಸುವ ಅವಕಾಶವನ್ನು ಅದು ವೈದ್ಯರಿಗೆ ಅಥವಾ ಆಪ್ತಸಮಾಲೋಚಕರಿಗೆ ಮಾತ್ರ ಕೊಟ್ಟಿದೆ. ಹಕ್ಕಿರುವವನಿಗೆ, ತಕ್ಕವನ ಬಾಯಿಂದ, ಬೇಕಾದಷ್ಟೇ ತಿಳಿಯಬೇಕು. ಚಹಾದಂಗಡಿಗೆ ಆ ಹಕ್ಕಿಲ್ಲ.

ಆದ್ದರಿಂದ ಓಟಿಪಿ ಕೇಳಿದಾಗ ಯಾತಕ್ಕೆಂದು ವಿಚಾರಿಸಿರಿ. ಮನೆಯ ಹಿರಿಯರಿಗೆ ಅವರ ಭಾಷೆಯಲ್ಲಿ ವಿವರಿಸಿರಿ. ಇತರರ ವರದಿ ಮೊಬೈಲಿಗೆ ಬಂದರೆ ಮುಂದಕ್ಕೆ ಕಳಿಸದೆ ಅಳಿಸಿರಿ. ತಮ್ಮ ಮಗ ಆಸ್ಪತ್ರೆಯಲ್ಲಿ ದಾಖಲೆ ಬರೆಯುವವನಾಗಿದ್ದರೆ, ಮಗಳು ನರ್ಸ್ ಆಗಿದ್ದರೆ, ಅವರ ಕೈಯಲ್ಲಿರುವುದು ಜನರು ನಂಬಿ ಒಪ್ಪಿಸಿದ ಅಮಾನತ್ ಎಂದು ತಿಳಿಹೇಳಿರಿ.

ನಮ್ಮದೂ ಒಂದು ಕರ್ಮಗ್ರಂಥವಿದೆ. ಅದರಲ್ಲಿ ಏನೂ ಬಿಟ್ಟುಹೋಗಿಲ್ಲ. ಇಹದಲ್ಲಿ ಪರರ ಕುಂದನ್ನು ಮುಚ್ಚಿದವನ ಕುಂದನ್ನು ಪರಲೋಕದಲ್ಲಿ ಅಲ್ಲಾಹನು ಮುಚ್ಚುವನೆಂಬ ವಾಗ್ದಾನವಿದೆ. ಅಂದು ಆ ಗ್ರಂಥ ತೆರೆಯುವಾಗ ಮುಸುಕು ಬೇಕೆನ್ನುವವರು ಇಂದು ಇನ್ನೊಬ್ಬರ ಮುಸುಕನ್ನು ಸರಿಸದಿರಲಿ.